ಗಿರಿಜಕ್ಕನ ದನಿ ಹೊತ್ತು ಜಾವಗಲ್ಲಿಗೆ

ಯಶವಂತಪುರದಲ್ಲಿ ಬೆಳಗಿನ ರೈಲು ಹತ್ತಿದಾಗ ನನ್ನ ಬೆನ್ನ ಮೇಲೆ ಲ್ಯಾಪ್‌ಟಾಪು, ಶಶಿಯ ಬೆನ್ನ ಮೇಲೆ ಅವನದೇ ಮುಖ ಅಚ್ಚಾದ ಟೀ ಶರ್ಟುಗಳ ಮೂಟೆ. ಜನರಲ್ ಬೋಗಿ. ನೂರು ರೂಪಾಯಿಯೊಳಗಿನ ಟಿಕೆಟಿಗೆ ಸಿಕ್ಕಿದ್ದು ತುಮಕೂರಿನವರೆಗೂ ಬಾಗಿಲ ಬಳಿ ನಿಲ್ಲುವ ಭಾಗ್ಯ. ಶಶಿ ರ್‍ಯಾಪ್ ಹಾಡುವವನು, ಜಾವಗಲ್ಲಿನವನು. ನಾನು ಸವಿತಾ, ಅವನ ಮಾತಿಗೆ ಬೀಟು ಕಟ್ಟಿ, ದನಿ ಹಿಡಿದು, ಎಲ್ಲವನ್ನೂ ಹದಕ್ಕೆ ತಂದು ಹಾಡು ಮಾಡುವವಳು. ಇದಕ್ಕೆ ನಮ್ಮಲ್ಲಿ ಪ್ರೊಡ್ಯೂಸರ್ ಎನ್ನುತ್ತಾರೆ. ಹಾಗೆಂದರೆ ಜನ ದುಡ್ಡು ಹಾಕಿದವಳು ನಾನೇ ಎಂದುಕೊಳ್ಳುತ್ತಾರೆ. ಆಮೇಲೆ ನನ್ನ ಚಪ್ಪಲಿ ನೋಡಿ ಸುಮ್ಮನಾಗುತ್ತಾರೆ.

ನಾಗರಬಾವಿಯ ನನ್ನ ಕೋಣೆಯಲ್ಲಿ, ಬೀದಿಯ ಸದ್ದು ತಡೆಯಲು ಕಿಟಕಿಗೆ ಹಾಸಿಗೆ ಆನಿಸಿ, ಎರಡು ವರ್ಷ ಕೂತು ಮಾಡಿದ ಆಲ್ಬಮ್ಮಿನ ಹೆಸರು ‘ಚಿಪ್ಪು’. ಕೊಬ್ಬರಿ ಒಡೆಯುವ ಶೆಡ್ಡು, ಸಂತೆಯ ಜಗಳ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಹಿಡಿದ ಸೀಟು, ಎಲ್ಲವೂ ಅವನೂರಿನ ಮಾತಿನಲ್ಲೇ. ಬೆಂಗಳೂರಿನ ಒಂದು ಸಂಗೀತ ಕಂಪನಿ ಅದನ್ನು ತೆಗೆದುಕೊಂಡಿತ್ತು. ಮರುದಿನ ಬೆಳಿಗ್ಗೆ ಅದು ಎಲ್ಲರ ಫೋನಿಗೂ ಬರುವುದಿತ್ತು. ಅವನ ಸೀಮೆಯಲ್ಲಿ ಎರಡು ದಿನ ಪ್ರಚಾರ ಮಾಡಿ ಬರೋಣವೆಂದು ನಾವು ಹೊರಟಿದ್ದೆವು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಬೀಟು ಕಟ್ಟುವವರು ಪ್ರತಿ ಹಾಡಿನ ತಲೆಯಲ್ಲಿ ತಮ್ಮ ಗುರುತಾಗಿ ಒಂದು ಮಾತನ್ನೋ ಸದ್ದನ್ನೋ ಇಡುತ್ತಾರೆ. ಅದಕ್ಕೆ ಟ್ಯಾಗ್ ಎಂದು ಹೆಸರು. ಅದು ಕೇಳಿಸಿದರೆ ಹಾಡು ಯಾರ ಕೈಯಿಂದ ಬಂದದ್ದೆಂದು ಗೊತ್ತಾಗುತ್ತದೆ. ನನ್ನ ಟ್ಯಾಗು ಶಶಿಯ ಅಕ್ಕ ಗಿರಿಜಕ್ಕನ ದನಿ. ಜಾವಗಲ್ಲಿನ ಬಸ್ ನಿಲ್ದಾಣದ ಎದುರು ಆಕೆಯದು ನಾಲ್ಕು ಮೇಜಿನ ಹೋಟೆಲು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅದೇ ಹೋಟೆಲಿನ ಒಲೆಯ ಮುಂದೆ ತಮ್ಮನನ್ನು ಸಾಕಿ ಓದಿಸಿದವಳು. ದಿನಾ ಮಧ್ಯಾಹ್ನ ಫೋನು ಮಾಡುತ್ತಾಳೆ. ಹಲೋ ಇಲ್ಲ, ಗಿಲೋ ಇಲ್ಲ, ನೇರ “ಉಂಡ್ಯೇನ್ಲಾ?” ಒಂದು ದಿನ ಮೈಕು ಆನ್ ಇದ್ದಾಗಲೇ ಆ ಕರೆ ಬಂತು. ದನಿಯಲ್ಲಿ ಅಧಿಕಾರವೂ ಇತ್ತು, ಮರುಕವೂ ಇತ್ತು. ಆಕೆಯನ್ನು ಕೇಳಿಯೇ ಅದನ್ನು ಎಲ್ಲ ಹಾಡುಗಳ ತಲೆಗೂ ಇಟ್ಟೆ. “ನನ್ ದನಿ ಏನ್ ಚೆಂದ ಐತೆ ಅಂತ ಕಣವ್ವ” ಎಂದು ನಕ್ಕಿದ್ದಳು. ಆಮೇಲೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಅರಸೀಕೆರೆಯಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿದ್ದರೂ ಗಾಳಿ ತಣ್ಣಗಿತ್ತು. ಪ್ಲಾಟ್‌ಫಾರಮ್ಮಿನಲ್ಲೇ ಉದ್ದಿನ ವಡೆ ತಿಂದು ಆಟೋದಲ್ಲಿ ಒಂದು ಕಾಲೇಜಿಗೆ ಹೋದೆವು. ಪ್ರಿನ್ಸಿಪಾಲರು ನಮ್ಮನ್ನು ಜಾನಪದ ಕಲಾವಿದರು ಎಂದು ಪರಿಚಯಿಸಿ, ಪರೀಕ್ಷೆಯ ಶುಲ್ಕದ ಬಗ್ಗೆ ಎರಡು ಮಾತಾಡಿ ಕೂತರು. ನಾನು ಲ್ಯಾಪ್‌ಟಾಪಿನಿಂದ ಹಾಡು ಬಿಟ್ಟೆ. ಮೊದಲ ಹಾಡಿಗೆ ಹುಡುಗರು ಮುಖ ಮುಖ ನೋಡಿಕೊಂಡರು. ಮೂರನೆಯ ಹಾಡಿನ ಹೊತ್ತಿಗೆ, ಸ್ಪೀಕರಿನ ಡಬ್ಬದಿಂದ “ಉಂಡ್ಯೇನ್ಲಾ?” ಬಂದ ಕೂಡಲೇ ಇಡೀ ಸಭಾಂಗಣ “ಉಂಡೆ ಕಣಕ್ಕ” ಎಂದು ಕೂಗುತ್ತಿತ್ತು. ಅಂಥದ್ದನ್ನು ನಾನು ಕಲಿಸಿರಲಿಲ್ಲ, ಶಶಿಯೂ ಕಲಿಸಿರಲಿಲ್ಲ. ಕೆಳಗಿಳಿದಾಗ ಕನ್ನಡದ ಮೇಷ್ಟ್ರೊಬ್ಬರು ಆ ದನಿ ಯಾರದೆಂದು ಕೇಳಿದರು. ಶಶಿ ಬೆವರು ಒರೆಸಿಕೊಳ್ಳುತ್ತಾ “ಸುಮ್ನೆ ಒಂದು ಸೌಂಡು ಸಾರ್” ಎಂದ. ಸುಸ್ತಾಗಿದ್ದಾನೆ ಎಂದುಕೊಂಡೆ.

ಮಧ್ಯಾಹ್ನದ ಬಸ್ಸಿನಲ್ಲಿ ಹಳೇಬೀಡಿನ ದಾರಿ ಹಿಡಿದೆವು. ಜಾವಗಲ್ಲು ನಡುವೆಯೇ ಸಿಗುತ್ತದೆ. ಬಸ್ಸು ಅಲ್ಲಿ ನಿಂತದ್ದೇ ತಡ, ಗಿರಿಜಕ್ಕ ಸೆರಗು ಸಿಕ್ಕಿಸಿಕೊಂಡು ಓಡಿ ಬಂದು ನನ್ನ ಕಿಟಕಿಯೊಳಗೆ ಚಿತ್ರಾನ್ನದ ಪೊಟ್ಟಣ ತುರುಕಿದಳು. ಅದುವರೆಗೂ ಆಕೆಯನ್ನು ನಾನು ಕಂಡಿದ್ದು ಫೋನಿನಲ್ಲಿ ಮಾತ್ರ.

“ನಾಳೆ ಮಧ್ಯಾಹ್ನ ಬತ್ತೀರಲ್ಲ? ಎಲ್ಲಾರ್ಗೂ ಹೇಳಿವ್ನಿ. ಸೌಂಡ್ ಸೆಟ್ನೋರ್ ತಾವ ಡಬ್ಬ ಈಸ್ಕೊಂಡಿವ್ನಿ. ಫೋನ್ನಾಗ್ ಬಂದ್ರೂ ಅಲ್ಲೀಗಂಟ ನೀನೂ ಕೇಳ್ಬ್ಯಾಡ, ಎಲ್ಲಾ ಒಟ್ಗೇ ಕೇಳಾನ” ಎಂದಳು.

“ಆಗಲಿ ಅಕ್ಕ, ನಿಮ್ಮ ಜೊತೇನೇ ಕೇಳ್ತೀನಿ” ಎಂದೆ.

“ಇವ್ನ್ಯಾಕವ್ವ ಇಂಗ್ ಮಲ್ಗವ್ನೆ?”

ಶಶಿ ಪಕ್ಕದ ಸೀಟಿನಲ್ಲಿ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡಿದ್ದ. ಐದು ನಿಮಿಷದ ಹಿಂದೆ ಫೋನು ನೋಡುತ್ತಾ ಕೂತವನು ಅಷ್ಟರಲ್ಲಿ ಅದು ಹೇಗೆ ನಿದ್ದೆ ಹೋದನೋ ನನಗೆ ತಿಳಿಯಲಿಲ್ಲ. ಬಸ್ಸು ಹೊರಟ ಮೇಲೆ ಎದ್ದು ಚಿತ್ರಾನ್ನದಲ್ಲಿ ಮುಕ್ಕಾಲು ಭಾಗ ತಿಂದ.

ಹಳೇಬೀಡಿನಲ್ಲಿ ದೇವಸ್ಥಾನದ ಮುಂದೆ ಕ್ಯಾಮೆರಾದ ಮೂರುಕಾಲಿನ ಸ್ಟ್ಯಾಂಡು ಬಿಚ್ಚಿದ್ದಕ್ಕೆ ಕಾವಲಿನವರು ಬಂದು, ಪರ್ಮಿಷನ್ ಇಲ್ಲದೆ ಇದನ್ನೆಲ್ಲ ಇಡುವಂತಿಲ್ಲ ಎಂದರು. ಅವರ ಮಾತು ಸರಿಯೇ ಇತ್ತು. ಶಶಿ ತಾನು ಯಾರು ಗೊತ್ತಾ ಎಂಬ ಧಾಟಿಯಲ್ಲಿ ಶುರು ಮಾಡಿದ. ಅವರಿಗೆ ಗೊತ್ತಿರಲಿಲ್ಲ. ಆಟೋ ಮಾಡಿಕೊಂಡು ಹುಲಿಕೆರೆಗೆ ಹೋಗಿ, ಕೊಳದ ಮೆಟ್ಟಿಲ ಮೇಲೆ ಫೋನಿನಲ್ಲೇ ವಿಡಿಯೊ ಹಿಡಿದೆವು. ಸುತ್ತಲೂ ಪುಟ್ಟ ಪುಟ್ಟ ಗುಡಿಗಳು, ನಡುವೆ ಹಸಿರು ನೀರು, ಆಚೆ ತೆಂಗು. ಚೆಂದದ ಜಾಗ. ಇಬ್ಬರೂ ಇರುವ ಒಂದು ವಿಡಿಯೊ ಬೇಕಲ್ಲ ಎಂದು ನಾನು ಮೆಟ್ಟಿಲಿಳಿದೆ. “ನೀನು ಆಚೆ ಬಾ ಕಣೇ, ಕಂಪನಿಯೋರು ನಂದೊಂದೇ ಸಾಕು ಅಂದವ್ರೆ” ಎಂದ. ಹತ್ತಿ ಬಂದೆ. ಅವನ ಟೋಪಿ ಸರಿಯಾಗಿ ಕಾಣುವ ಹಾಗೆ ಮತ್ತೆ ಮೂರು ಸಲ ಹಿಡಿದೆ.

ರಾತ್ರಿಗೆ ಬೇಲೂರಿನ ಲಾಡ್ಜು. ಎರಡು ಕೋಣೆ ಕೇಳಿದ್ದಕ್ಕೆ ಮ್ಯಾನೇಜರು ನಮ್ಮಿಬ್ಬರನ್ನೂ ಗಮನವಿಟ್ಟು ನೋಡಿ “ಮೇಡಂ ಏನಾಗ್ಬೇಕು ನಿಮ್ಗೆ?” ಎಂದು ಶಶಿಯನ್ನು ಕೇಳಿದರು. “ಟೆಕ್ನಿಕಲ್ಲು” ಎಂದ. ಎರಡು ವರ್ಷ ನನ್ನ ಕೋಣೆಯಲ್ಲಿ ನನ್ನ ಅನ್ನ ಉಂಡವನು. ನಾನೂ ತಲೆಯಾಡಿಸಿದೆ.

ಬೆಳಿಗ್ಗೆ ಬೇಲೂರಿನಲ್ಲಿ ಮಂಜು ಬಿದ್ದಿತ್ತು. ಬಸ್ ನಿಲ್ದಾಣದ ಬಳಿ ಇಡ್ಲಿ ತಿನ್ನುವಾಗ ಶಶಿಯ ಫೋನು ಒಂದೇ ಸಮನೆ ಗುಂಯ್ಗುಡುತ್ತಿತ್ತು. ಆಲ್ಬಂ ಬಂದಿತ್ತು. ಅಭಿನಂದನೆಗೆಲ್ಲ ಅವನು ಕೈಮುಗಿದ ಚಿತ್ರ ಕಳಿಸುತ್ತಿದ್ದ. ನಾನು ಹಾಡು ತೆರೆಯಲಿಲ್ಲ. ಸಾವಿರ ಸಲ ಕೇಳಿದ್ದು, ಮೇಲಾಗಿ ಗಿರಿಜಕ್ಕನಿಗೆ ಮಾತು ಕೊಟ್ಟಿದ್ದೆ. ಹಳೇಬೀಡು, ಮಾದಿಹಳ್ಳಿ ದಾಟಿಕೊಂಡು ಜಾವಗಲ್ಲು ಮುಟ್ಟುವವರೆಗೆ ಅವನು ಫೋನಿನಿಂದ ತಲೆಯೆತ್ತಲಿಲ್ಲ.

ಹೋಟೆಲಿನ ಜಂತಿಗೆ ಡಬ್ಬ ಕಟ್ಟಿಯಾಗಿತ್ತು. ಗಿರಿಜಕ್ಕ ಮದುವೆಗೆ ಉಡುವಂಥ ಸೀರೆ ಉಟ್ಟು, ಅದರ ಮೇಲೆ ಹಳೆಯ ಟವೆಲ್ ಸುತ್ತಿಕೊಂಡು ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಪಕ್ಕದ ಒಲೆಯಲ್ಲಿ ಅವರೆಕಾಳಿನ ಸಾರು ಕುದಿಯುತ್ತಿತ್ತು. ತೆಂಗಿನಕಾಯಿ ವ್ಯಾಪಾರದವರು, ಬಿಡುವಾಗಿದ್ದ ಒಬ್ಬ ಕಂಡಕ್ಟರು, ಎದುರಿನ ಟೈಲರು, ಎಲ್ಲರೂ ಬೆಂಚು ತುಂಬಿಕೊಂಡಿದ್ದರು. ಟೈಲರು ತನ್ನ ಫೋನನ್ನು ಡಬ್ಬಕ್ಕೆ ಹೊಂದಿಸಿ ಮೊದಲ ಹಾಡು ಒತ್ತಿದ.

ನೇರ ಡ್ರಮ್ಮು ಬಂತು.

ಗಿರಿಜಕ್ಕ ರೊಟ್ಟಿ ಬಿಟ್ಟು ತಿರುಗಿದಳು. “ನನ್ ದನಿ ಎಲ್ಲೋ?” ಎಂದಳು. ಶಶಿ ನೆಲ ನೋಡುತ್ತಾ “ಮೊದಲ್ನೇದ್ರಾಗಿಲ್ಲ ಅಕ್ಕ” ಎಂದ. ಮೊದಲನೆಯದರಲ್ಲಿ ಇತ್ತು. ಎಲ್ಲದರಲ್ಲೂ ಇತ್ತು. ಟೈಲರು ಎರಡನೆಯದು ಹಾಕಿದ. ಆಮೇಲೆ ಮೂರನೆಯದು. ಹಾಡು ಶುರುವಾಗುವ ಮುಂಚೆ ಎಲ್ಲರೂ ತುತ್ತು ಬಾಯಲ್ಲಿಟ್ಟುಕೊಂಡು ತಲೆಯೆತ್ತುವರು, ಡ್ರಮ್ಮು ಬಂದ ಮೇಲೆ ತಟ್ಟೆಗೆ ಬಗ್ಗುವರು. ಗಿರಿಜಕ್ಕ ಪ್ರತಿ ಸಲವೂ “ಮುಂದ್ಲುದ್ರಾಗೈತೆ ಕಣ್ರೀ, ವಸಿ ಇರಿ” ಎನ್ನುತ್ತಿದ್ದಳು. ಕಂಡಕ್ಟರು ಬಸ್ಸು ಹೊರಡುವ ಹೊತ್ತಾಯಿತೆಂದು ಎದ್ದು ಹೋದರು. ಕೊನೆಯ ಹಾಡೂ ಡ್ರಮ್ಮಿನಿಂದಲೇ ಶುರುವಾಯಿತು. ಈ ಸಲ ಗಿರಿಜಕ್ಕ ಟವೆಲಿನಿಂದ ಮುಖ ಒರೆಸಿಕೊಂಡು ಒಲೆಯ ಕಡೆ ತಿರುಗಿದಳು. ಟೈಲರು ಫೋನು ನನ್ನ ಮುಂದೆ ಹಿಡಿದು “ನಿಮ್ ಹೆಸ್ರೂ ಇಲ್ವಲ್ಲ ಮೇಡಂ” ಎಂದ. ಸಂಗೀತ ಎಂದಿದ್ದಲ್ಲಿ ಕಂಪನಿಯ ಹೆಸರಿತ್ತು.

ಕೈ ತೊಳೆಯುವ ಜಾಗದಲ್ಲಿ ಶಶಿಯನ್ನು ಹಿಡಿದೆ. “ಯಾವಾಗ ತೆಗೆದ್ರು?”

“ಒಂದ್ ತಿಂಗ್ಳಾತು.”

“ನಿನ್ನ ಕೇಳಿದ್ರಾ?”

“ಕೇಳಿದ್ರು. ಹಳ್ಳಿ ಹೆಂಗ್ಸಿನ ದನಿ ಇದ್ರೆ ಕಾಮಿಡಿ ಆಯ್ತದೆ ಅಂದ್ರು. ನಾನೂ ಹೂಂ ಅಂದೆ.”

“ನನಗ್ಯಾಕೋ ಹೇಳ್ಲಿಲ್ಲ?”

ಅವನು ನಲ್ಲಿ ತಿರುಗಿಸಿ ಮತ್ತೊಮ್ಮೆ ಕೈ ತೊಳೆದ. “ಹೇಳಿದ್ರೆ ನೀನು ಬರ್ತಿರ್ಲಿಲ್ಲ. ಕಾಲೇಜ್ ಪ್ರೋಗ್ರಾಮ್‌ಗೆ ನೀನು ಬೇಕಾಗಿತ್ತು.”

ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಒಳಗೆ ಹೋಗಿ ಲ್ಯಾಪ್‌ಟಾಪು ಬಿಚ್ಚಿ, ಟೈಲರ ಫೋನಿನ ವಯರು ಕಿತ್ತು ಅದಕ್ಕೆ ಚುಚ್ಚಿ, ನಾನು ಮಾಡಿದ ಹಾಡು ಹಾಕಿದೆ. ಡಬ್ಬದಿಂದ ದೊಡ್ಡದಾಗಿ, ಸ್ಪಷ್ಟವಾಗಿ ಬಂತು: “ಉಂಡ್ಯೇನ್ಲಾ?” ಯಾರೂ ನಗಲಿಲ್ಲ, ಚಪ್ಪಾಳೆಯೂ ಇಲ್ಲ.

“ಇದು ಈಗ ಸೇರ್ಸಿದ್ದು ಬುಡ್ರಿ” ಎಂದ ಟೈಲರು, ಸಮಾಧಾನ ಮಾಡುವವನಂತೆ. “ಕಂಪ್ಯೂಟರ್ನಾಗೆ ಏನ್ ಬೇಕಾರೂ ಮಾಡ್ಬೋದು. ಫೋನ್ನಾಗ್ ಬಂದಿದ್ದೇ ನಿಜ್ವಾದ್ದು.”

“ಇಲ್ಲ, ಇದೇ ಮೊದಲನೇದು” ಎಂದೆ. ಬೆಂಚಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಹೆಣ್ಣುಮಗಳು ಪಾಪ, ಗಿರಿಜಮ್ಮನ ಮಾನ ಉಳಿಸಲು ಒದ್ದಾಡುತ್ತಿದ್ದಾಳೆ ಎಂಬುದು ಅವರ ಮುಖದಲ್ಲಿತ್ತು. ಗಿರಿಜಕ್ಕನೇ ಬಂದು ವಯರು ಎಳೆದಳು.

“ಸಾಕು ಕಣವ್ವ. ಗಿರಾಕಿ ಮುಂದೆ ಬ್ಯಾಡ. ನೀನ್ ಕುಂತ್ಕೊ, ರೊಟ್ಟಿ ಆರೋಯ್ತದೆ.”

ನನಗೆ ಎರಡು ರೊಟ್ಟಿ ಬಡಿಸಿ, ಬೇಡವೆಂದರೂ ಮತ್ತೊಂದು ಹಾಕಿದಳು. ಶಶಿಯ ಮುಂದೆಯೂ ತಟ್ಟೆ ಇಟ್ಟಳು, ನೀರಿಟ್ಟಳು, ಸಾರು ಬಿಟ್ಟಳು. ಒಂದು ಮಾತೂ ಆಡಲಿಲ್ಲ. ಅವನು ಅರ್ಧಕ್ಕೇ ಎದ್ದ. ಆಕೆ ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಅರಸೀಕೆರೆಯ ಬಸ್ಸು ಬಂದಾಗ ನನ್ನ ಕೈಹಿಡಿದು “ಉಷಾರು ಕಣೇ” ಎಂದಳು. ಅವನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕಾಯ್ದ. ಆಕೆ ಆಗಲೇ ಮೇಜು ಒರೆಸುತ್ತಿದ್ದಳು. ಬಸ್ಸು ತಿರುಗುವವರೆಗೂ ನಾನು ನೋಡಿದೆ, ಆಕೆ ಇತ್ತ ತಿರುಗಲಿಲ್ಲ.

ಅರಸೀಕೆರೆಯಲ್ಲಿ ಸಂಜೆಯ ರೈಲಿಗೆ ಸೀಟು ಸಿಕ್ಕಿತು. ಟೀ ಶರ್ಟಿನ ಮೂಟೆ ಹಾಗೇ ಇತ್ತು. ತಿಪಟೂರು ದಾಟಿದ ಮೇಲೆ ಶಶಿ ಕಿಟಕಿ ನೋಡುತ್ತಲೇ ಹೇಳಿದ:

“ಅಕ್ಕ ಇವತ್ತು ಉಂಡ್ಯೇನ್ಲಾ ಅಂತ ಕೇಳ್ಲೇ ಇಲ್ಲ.”

ನಾನು ಕಾಲಡಿಯ ಟೀ ಶರ್ಟಿನ ಮೂಟೆಯನ್ನು ಅತ್ತ ಸರಿಸಿದೆ.

“ಸವಿತಾ, ಆ ಹಳೇ ಫೈಲು ನಿನ್ ತಾವ ಐತಲ್ಲ. ಬರೀ ಅಕ್ಕನ ದನಿ ಇರೋದು. ಅದೊಂದು ನಂಗೆ ಕಳ್ಸು.”

ಲ್ಯಾಪ್‌ಟಾಪಿನ ಚೀಲವನ್ನು ಮಡಿಲಿಗೆ ಎಳೆದುಕೊಂಡೆ.

“ಕಂಪನಿಯೋರನ್ನ ಕೇಳು” ಎಂದೆ.