ತಾಟು ತೊಳೆದು ಕುಡಿದವನು

ಅವನ ಎರಡೂ ಅಂಗೈಗಳಲ್ಲಿ ಬೆರಳ ಬುಡಕ್ಕೆ ಒಂದೊಂದು ಗಂಟು ಕಟ್ಟಿತ್ತು. ಹುರಿದ ಕಡಲೆಯಷ್ಟು ದೊಡ್ಡವು, ಬಣ್ಣವೂ ಅದೇ ಹಳದಿ. ಮೊದಲ ದಿನ ನಾನು ಖೋಲಿಯ ಕೀಲಿಯನ್ನು ಅವನ ಕೈಗೆ ಹಾಕಿದಾಗ ಅದು ಆ ಗಂಟುಗಳ ಮೇಲೆಯೇ ಕೂತಿತು, ಅಂಗೈಗೆ ತಾಗಲಿಲ್ಲ. ಕುತ್ತಿಗೆ, ತೋಳು ಎಲ್ಲ ಪೈಲವಾನನದು. ಮುಖ ಮಾತ್ರ ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗನದು. ಅಷ್ಟು ದೊಡ್ಡ ಮೈಮೇಲೆ ಅಷ್ಟು ಸಣ್ಣ ಮುಖ ನೋಡಿ ನನಗೆ ಯಾಕೋ ಪಾಪ ಅನ್ನಿಸಿತು.

ನಮ್ಮ ಮನೆ ದಾಂಡೇಲಿಯ ಅಂಬೇವಾಡಿಯಲ್ಲಿದೆ. ನಮ್ಮವರದು ಮಿಲ್ಲಿನ ಪಾಳಿ ಕೆಲಸ. ಮಗಳು ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಹಿತ್ತಲಿನ ಖೋಲಿ ಖಾಲಿ ಬಿದ್ದಿತ್ತೆಂದು ಬಾಡಿಗೆಗೆ ಕೊಟ್ಟೆವು. ಅವನು ಮುಂಡಗೋಡ ತಾಲೂಕಿನ ಮಳಗಿ ಕಡೆಯವನು, ನಮ್ಮಂತೆಯೇ ಲಿಂಗ ಕಟ್ಟುವ ಮನೆಯವನು. ಜೋಯಿಡಾ ಕಡೆಯ ಹೊಳೆಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕೂರಿಸಿ ಕರೆದೊಯ್ಯುವ ಕಡೆ ಕೆಲಸ ಮಾಡುತ್ತಿದ್ದ. ಅದು ಹೊಟ್ಟೆಗಾಗಿ. ಜೀವವೆಲ್ಲ ದೇಹದಾರ್ಢ್ಯ ಸ್ಪರ್ಧೆಯ ಮೇಲಿತ್ತು.

ನಾನು ಒಂದೇ ಷರತ್ತು ಹಾಕಿದ್ದೆ. ಕಂಪೌಂಡಿನ ಒಳಗೆ ತತ್ತಿ, ಮಾಂಸ ಬರಕೂಡದು. ಅವನು ತಲೆ ಬಗ್ಗಿಸಿಕೊಂಡು ಹೇಳಿದ, “ಆತ್ರಿ ಅಕ್ಕಾರ. ನಮ್ಮ ಮನ್ಯಾಗೂ ಹಂಗs ಐತ್ರಿ.” ಎರಡೂವರೆ ವರ್ಷ ಆ ಮಾತು ತಪ್ಪಲಿಲ್ಲ. ದಿನಕ್ಕೆ ಹದಿನಾರು ತತ್ತಿಯ ಬಿಳಿ ಭಾಗ ಅವನಿಗೆ ಬೇಕಿತ್ತಂತೆ. ಅದನ್ನು ಹೊಳೆದಂಡೆಯ ಬಂಡೆಯ ಮೇಲೆ ಒಬ್ಬನೇ ಕೂತು ತಿಂದು, ಬಾಯಿ ಮುಕ್ಕಳಿಸಿ ಮನೆಗೆ ಬರುತ್ತಿದ್ದ. ಇದೆಲ್ಲ ನನಗೆ ಬಹಳ ದಿನಗಳ ಮೇಲೆ ಗೊತ್ತಾಯಿತು. ಆಗ ನಮ್ಮ ಮನೆಯ ನೇಮ ಉಳಿಯಿತಲ್ಲ, ದೇವರು ದೊಡ್ಡವನು ಎಂದುಕೊಂಡೆ. ಆ ಬಂಡೆಯ ಮೇಲೆ ಕೂತವನ ವಿಚಾರ ಮನಸ್ಸಿಗೆ ಬರಲಿಲ್ಲ.

ಖೋಲಿಯಲ್ಲಿ ಉಣ್ಣುವಾಗಲೂ ಅವನು ಗೋಡೆಗೆ ಮುಖ ಮಾಡಿಯೇ ಉಣ್ಣುತ್ತಿದ್ದ. ಸಣ್ಣ ತಕ್ಕಡಿಯಲ್ಲಿ ಅನ್ನವನ್ನು ತೂಗಿಕೊಳ್ಳುತ್ತಿದ್ದ. ಮೊಬೈಲು ಗಂಟೆ ಬಾರಿಸಿದರೆ ಡಬ್ಬಿ ತೆಗೆಯಬೇಕು, ದಿನಕ್ಕೆ ಆರು ಸಲ. ಒಗ್ಗರಣೆ ಇಲ್ಲ, ಎಣ್ಣೆ ಇಲ್ಲ. ಓಣಿಯಲ್ಲಿ ಲಗ್ನವಾದರೆ ಹೋಗಿ ಅಕ್ಷತೆ ಹಾಕಿ, ಊಟದ ಹೊತ್ತಿಗೆ ಮೆಲ್ಲಗೆ ಹೊರಗೆ ಬಂದುಬಿಡುತ್ತಿದ್ದ. ಕರೆಯುವವರು ಒಂದೆರಡು ಸಲ ಕರೆದು ಆಮೇಲೆ ಬಿಟ್ಟರು. ಪಕ್ಕದ ಮನೆಯಾಕೆ ನಲ್ಲಿಯ ಹತ್ತಿರ ಸಿಕ್ಕಾಗಲೆಲ್ಲ, “ಭೀಮಸೇನನ್ನ ಇಟ್ಟೀರಿ, ಖೋಲಿ ಗ್ವಾಡಿ ತಡೀತಾವಾ?” ಎಂದು ಕೇಳುತ್ತಿದ್ದಳು. ನಮ್ಮವರು ಇನ್ನೂ ಮುಂದೆ. “ಇಷ್ಟು ಮೈ ಬೆಳೆಸಿ ಗ್ಯಾಸಿನ ಸಿಲಿಂಡರ್ ಒಂದ ಎತ್ತಿ ಇಟ್ಟಾನ ನೋಡ. ಅದs ನಮಗ ಲಾಭ.” ಅವನಿಗೂ ಅದು ಕೇಳಿಸಿತ್ತು. ಮುಂದೆ ಸಿಲಿಂಡರ್ ಬಂದ ದಿನವೆಲ್ಲ ಹೇಳದೆಯೇ ಬಂದು ಎತ್ತಿಟ್ಟು ಹೋಗುತ್ತಿದ್ದ.

ಒಂದು ಮುಂಜಾನೆ ಪೂಜೆಗೆ ಹೂವು ಕೊಯ್ಯಲು ಹಿತ್ತಲಿಗೆ ಹೋದರೆ ಅವನು ಬರೀ ಚಡ್ಡಿಯಲ್ಲಿ ನಿಂತಿದ್ದಾನೆ. ತೋಳು ಮೇಲೆತ್ತಿ, ಹೊಟ್ಟೆ ಒಳಗೆ ಎಳೆದುಕೊಂಡು ಥರಥರ ನಡುಗುತ್ತಿದ್ದ. ನಾನು ಸೆರಗು ಮುಖಕ್ಕೆ ಅಡ್ಡ ಹಿಡಿದು ಹಿಂದಕ್ಕೆ ತಿರುಗಿದೆ. ಅವನು ಓಡಿಹೋಗಿ ಅಂಗಿ ಹಾಕಿಕೊಂಡು ಬಂದು ಕೈಮುಗಿದ. ಸ್ಪರ್ಧೆಯಲ್ಲಿ ಹಾಗೆ ನಿಲ್ಲಬೇಕಂತೆ. ಮೈಯೆಲ್ಲ ಬಿಗಿಹಿಡಿದಿರಬೇಕು, ಉಸಿರು ಕಟ್ಟಿರಬೇಕು, ಮುಖದ ಮೇಲೆ ಮಾತ್ರ ನಗು ಇರಬೇಕು. “ಉಳಿದದ್ದೆಲ್ಲಾ ಬರ್ತೈತ್ರಿ ಅಕ್ಕಾರ. ನಗೂದೊಂದು ಕಠಿಣ,” ಎಂದ. ಖೋಲಿಯಲ್ಲಿ ಅಂಗೈಯಗಲದ ಕನ್ನಡಿ ಮಾತ್ರ ಇತ್ತು. ತೋಳು ಎತ್ತಿದರೆ ಮುಖ ಕಾಣುತ್ತಿರಲಿಲ್ಲ.

ಹೀಗೆ ನಮ್ಮಿಬ್ಬರ ನಡುವೆ ಒಂದು ವಿಚಿತ್ರ ಕೆಲಸ ಶುರುವಾಯಿತು. ನಾನು ಹಿತ್ತಲ ಬಾಗಿಲಲ್ಲಿ ಕಾಳು ಆರಿಸುತ್ತ ಕೂರುತ್ತಿದ್ದೆ. ಅವನು ಬನಿಯನ್ನು, ಪ್ಯಾಂಟು ಹಾಕಿಕೊಂಡು ಎದುರಿಗೆ ನಿಂತು ಮೈ ಬಿಗಿಹಿಡಿಯುತ್ತಿದ್ದ. ನಾನು ಮುಖ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಹಲ್ಲು ಕಚ್ಚಿಕೊಂಡೇ ಕೇಳುವನು, “ನಕ್ಕಂಗ ಕಾಣ್ತೈತೇನ್ರಿ?” ಹೊಟ್ಟೆನೋವು ಬಂದವರ ಹಾಗೆ ಕಾಣುತ್ತಿದೆ ಎಂದು ನಾನು ಹೇಳಿದರೆ ಅವನಿಗೆ ನಿಜವಾದ ನಗೆಯೇ ಬಂದುಬಿಡುತ್ತಿತ್ತು. ನಮ್ಮವರ ಪಾಳಿಯಿಂದಾಗಿ ಎಷ್ಟೋ ದಿನ ನನಗೂ ಮಾತಾಡಲು ಜನವಿರಲಿಲ್ಲ. ಆ ಹತ್ತು ನಿಮಿಷವನ್ನು ಕೊಟ್ಟದ್ದಕ್ಕೆ ಸಂಜೆ ದೀಪ ಹಚ್ಚುವಾಗ ಶಿವನಿಗೆ ಒಂದು ಕೈ ಹೆಚ್ಚಿಗೆ ಮುಗಿಯುತ್ತಿದ್ದೆ.

ಒಮ್ಮೆ ಅವನ ತಾಯಿ ಮಳಗಿಯಿಂದ ರೊಟ್ಟಿ ಗಂಟು ಕಟ್ಟಿಕೊಂಡು ಬಂದಿದ್ದಳು. ಮಗ ಇನ್ನೂ ಕೆಲಸದಿಂದ ಬಂದಿರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಕೂತು ಕಣ್ಣೊರೆಸಿಕೊಂಡಳು. “ಊರಿಗೆ ಬಂದ್ರ ಅವನ ತಾಟು ಪಡಸಾಲ್ಯಾಗ ಬ್ಯಾರೆ ಇಡ್ತೇನ್ರಿ. ತತ್ತಿ ತಿಂದ ಬಾಯಿ. ಅತ್ತಿ ಅದಾಳ, ದೇವ್ರ ಜಗಲಿ ಐತಿ. ನಾ ಏನ್ಮಾಡ್ಲಿ?” ನಾನೂ ಅದೇ ನೇಮದವಳು. ಚಹಾ ಕೊಟ್ಟೆ.

ಆ ವರ್ಷ ಅವನಿಗೆ ಇಪ್ಪತ್ತಮೂರು. ಕಿರಿಯರ ವಿಭಾಗದಲ್ಲಿ ಅದೇ ಕಡೆಯ ಸಲ, ಮುಂದೆ ಹಿರಿಯರ ಜೊತೆ ನಿಲ್ಲಬೇಕು. ಹುಬ್ಬಳ್ಳಿಯ ಸ್ಪರ್ಧೆಯಲ್ಲಿ ಮೊದಲ ಮೂವರಲ್ಲಿ ಬಂದರೆ ರಾಜ್ಯಮಟ್ಟಕ್ಕೆ ಹೋಗಬಹುದಿತ್ತು. ಬಾರದಿದ್ದರೆ ಈ ಹುಚ್ಚು ಬಿಟ್ಟು ಊರಿಗೆ ಬಂದು ಹೊಲ ನೋಡಬೇಕೆಂದು ತಂದೆ ಕಡ್ಡಿಮುರಿದಂತೆ ಹೇಳಿದ್ದನಂತೆ. ಮೂರು ತಿಂಗಳು ಹುಡುಗ ಒಣಗುತ್ತ ಹೋದ. ಕೆನ್ನೆ ಒಳಗೆ ಹೋದವು. ಕಡೆಯ ವಾರವಂತೂ ತುಟಿ ಬಿರಿದು, ಮಾತಾಡಿದರೆ ರಕ್ತ ಜಿನುಗುತ್ತಿತ್ತು. ನೀರಿನ ತಂಬಿಗೆ ಕೊಡಲು ಹೋದರೆ ಬ್ಯಾಡ್ರಿ ಎಂದು ಕೈ ಅಡ್ಡ ಹಿಡಿದ. ಇದೂ ಒಂದು ವ್ರತ ಎಂದು ನಾನು ತಿಳಿದೆ. ಸೋಮವಾರ, ಶಿವರಾತ್ರಿ ಎಂದು ನಾನು ಮಾಡದ ಉಪವಾಸವೇ? ಉಪವಾಸ ಯಾವುದೇ ಇರಲಿ, ಪ್ರಸಾದ ತೆಗೆದುಕೊಂಡರೆ ಕೆಡುವುದಿಲ್ಲವೆಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ನಾನು ಇಂದಿಗೂ ಹಾಗೆಯೇ ನಡೆಯುತ್ತೇನೆ.

ಸ್ಪರ್ಧೆ ಭಾನುವಾರ. ಹಿಂದಿನ ದಿನ ಶನಿವಾರ ಅದೇ ಅತ್ತೆಯ ಪುಣ್ಯತಿಥಿ ಬಂತು. ಮಧ್ಯಾಹ್ನ ಅಯ್ಯನವರು ಬಂದು ಪೂಜೆ ಮಾಡಿದರು. ನಮ್ಮವರು, ಓಣಿಯ ನಾಲ್ಕು ಜನ, ಎಲ್ಲರೂ ಸಾಲಾಗಿ ಕೂತರು. ಸಂಜೆಯ ಬಸ್ಸಿಗೆ ಹೊರಡಬೇಕೆಂದು ಅವನು ಖೋಲಿಯ ಮೆಟ್ಟಿಲ ಮೇಲೆ ಚೀಲ ಕಟ್ಟುತ್ತಿದ್ದ. ಅವತ್ತು ಅಡುಗೆಯ ವಾಸನೆಯೆಲ್ಲ ಅವನ ಕಡೆಗೇ ಹೋಗುತ್ತಿತ್ತು. ನನ್ನ ಕರುಳು ತಡೆಯಲಿಲ್ಲ. ಕರೆದೆ. ಒಲ್ಲೆನ್ರಿ ಅಕ್ಕಾರ, ನಾಳೆ ಬಂದು ತಿಂತೇನಿ ಅಂದ. ಪ್ರಸಾದ ನಾಳೆಗೆ ಇಡಬಾರದು ಅಂದೆ. ಎರಡನೇ ಸಲವೂ ಒಲ್ಲೆ ಅಂದ. ನಾನು ಹೋಗಿ ಅವನ ಕೈಹಿಡಿದು ಎಬ್ಬಿಸಿದೆ.

“ಪ್ರಸಾದಕ್ಕ ಒಲ್ಲೆ ಅನಬಾರ್ದೋ ತಮ್ಮಾ. ಬಾ, ನಮ್ಮ ಜೋಡಿ ಕುಂದ್ರು.”

ಅವನು ನನ್ನ ಮುಖ ನೋಡಿದ. ಎದ್ದು ಬಂದು ಸಾಲಿನಲ್ಲಿ ಕೂತ. ಹುಗ್ಗಿ ಬಡಿಸಿದೆ, ಮೇಲೆ ತುಪ್ಪ. ಬದನೆಕಾಯಿ ಪಲ್ಯ, ಹಪ್ಪಳ, ಉಪ್ಪಿನಕಾಯಿ, ಅನ್ನ, ಸಾರು. ಸಾಕೆಂದು ತಾಟಿನ ಮೇಲೆ ಕೈ ಅಡ್ಡ ಇಟ್ಟರೆ ಬೆರಳ ಸಂದಿಯಿಂದಲೇ ಇನ್ನೊಂದು ಸವುಟು ಹಾಕಿದೆ. ನಮ್ಮ ಕಡೆ ಒತ್ತಾಯ ಮಾಡದೆ ಬಡಿಸಿದರೆ ಅದು ಬಡಿಸಿದಂತೆಯೇ ಅಲ್ಲ. ಅವನು ಅಗುಳು ಬಿಡದೆ ಉಂಡ. ಕಡೆಗೆ, ಲಿಂಗವಂತರ ಮನೆಯಲ್ಲಿ ಹಿರಿಯರು ಮಾಡುವ ಹಾಗೆ, ತಾಟಿಗೆ ನೀರು ಹಾಕಿ, ಬೆರಳಿನಿಂದ ತಿಕ್ಕಿ ತೊಳೆದು, ಆ ನೀರನ್ನೂ ಕುಡಿದ. ಈ ಕಾಲದ ಹುಡುಗರಲ್ಲಿ ಇದನ್ನು ನಾನು ಕಂಡೇ ಇರಲಿಲ್ಲ. ಅಯ್ಯನವರು ತಲೆದೂಗಿದರು. ನನಗೆ ನನ್ನ ಮಗನೇ ಉಂಡೆದ್ದಂತೆ ಹಿಗ್ಗಾಯಿತು. ಹಣೆಗೆ ವಿಭೂತಿ ಹಚ್ಚಿ ಕಳಿಸಿದೆ.

ಸೋಮವಾರ ಬಂದ. ಏನಾಯಿತೆಂದು ಕೇಳಿದೆ. ಆರನೆಯವನಂತೆ. “ನನಗಿಂತ ಛಲೋ ತಯಾರಿ ಮಾಡಿದವ್ರು ಬಂದಿದ್ದರ್ರಿ,” ಎಂದಷ್ಟೇ ಹೇಳಿ ಬಾವಿಕಟ್ಟೆಯ ಮೇಲಿದ್ದ ನನ್ನ ಕೊಡ ತುಂಬಿಸಿ ಒಳಗಿಟ್ಟ. ತಿಂಗಳಾಗುವುದರೊಳಗೆ ಖೋಲಿ ಬಿಟ್ಟ. ಹೋಗುವ ದಿನ ನೆಲ ಒರೆಸಿ, ಕೀಲಿ ಕೊಟ್ಟು, ನನ್ನ ಕಾಲು ಮುಟ್ಟಿದ. ದೇವರ ಮನಸ್ಸಿನಲ್ಲಿ ಇರಲಿಲ್ಲ ಬಿಡು ಎಂದು ನಾನೇ ಅವನಿಗೆ ಸಮಾಧಾನ ಹೇಳಿದೆ. ಹೌದ್ರಿ ಅಂದ.

ಅವನು ಬಿಟ್ಟುಹೋಗಿದ್ದ ಕಬ್ಬಿಣದ ತೂಕಗಳನ್ನು ಒಯ್ಯಲು ಎಂಟು ದಿನದ ಮೇಲೆ ಅವನ ಉಸ್ತಾದ ಬಂದರು. ಪೇಟೆಯಲ್ಲಿ ಜಿಮ್ ನಡೆಸುವ ವಯಸ್ಸಾದ ಸಾಬರು. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ತಮ್ಮಷ್ಟಕ್ಕೆ ಹೇಳಿಕೊಳ್ಳುವಂತೆ ಹೇಳಿದರು. ಕಡೆಯ ದಿನಗಳಲ್ಲಿ ಉಪ್ಪು, ನೀರು ಬಿಡಿಸುವುದು ಚರ್ಮ ಹಾಳೆಯಂತೆ ತೆಳ್ಳಗಾಗಿ ಒಳಗಿನ ಗೆರೆಯೆಲ್ಲ ಕಾಣಲೆಂದೇ ಅಂತೆ. ಶುಕ್ರವಾರ ಅವನ ಮೈ ನೋಡಿ ಮೊದಲನೆಯದು ಇವನದೇ ಎಂದು ಅವರು ನಂಬಿದ್ದರಂತೆ.

“ಐತವಾರ ಅಂಗಿ ತಗದ್ರ ಮೈಯಾಗ ನೀರು ತುಂಬಿತ್ತು ಭಾಬಿ. ಗೆರಿ ಎಲ್ಲಾ ಮುಚ್ಚಿ ಹೋಗಿದ್ವು. ಏನ್ ತಿಂದ್ಯೋ ಬೇಟಾ ಅಂದೆ. ಪ್ರಸಾದ ಅಂದ. ಎಲ್ಲಿ, ಯಾರ ಮನ್ಯಾಗ, ಬಾಯೇ ಬಿಡ್ಲಿಲ್ಲ. ಪ್ರಸಾದಕ್ಕ ಏನಂತ ಬೈಲಿ ನಾನು?”

ಅವರಿಗೆ ಗೊತ್ತಿರಲಿಲ್ಲ. ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಬಂದು, ದೇವರ ಜಗಲಿಯ ಮುಂದೆ ಕೂತೆ. ಅವತ್ತು ಕಣ್ಣು ಮುಚ್ಚಿದರೆ ಮಂತ್ರ ಬರಲಿಲ್ಲ. ಪ್ರಸಾದದಿಂದ ಕೆಟ್ಟಿತು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ, ಈಗಲೂ ಏಳುವುದಿಲ್ಲ. ಪ್ರಸಾದವೆಂದರೆ ಒಂದು ಬೆರಳಷ್ಟು ಸಾಕಿತ್ತು. ಉಳಿದ ಸವುಟುಗಳೆಲ್ಲ ನನ್ನವು. ಒಬ್ಬಳೇ ಉಂಡು ಉಂಡು ಬೇಸತ್ತವಳು ನಾನು. ಇನ್ನೊಬ್ಬರು ಎದುರಿಗೆ ಕೂತು ಹೊಟ್ಟೆತುಂಬ ಉಣ್ಣುವುದನ್ನು ನೋಡುವ ಆಸೆ ನನ್ನದಿತ್ತು. ಅದಕ್ಕೆ ದೇವರ ಹೆಸರು ಇಟ್ಟುಕೊಂಡೆ.

ಮೂರು ದಿನ ಬಿಟ್ಟು ಅವನಿಗೆ ಫೋನು ಮಾಡಿದೆ. ಅವನು ಮುಂಡಗೋಡದ ಸಂತೆಯಲ್ಲಿದ್ದ, ಹಿಂದೆ ಕೂಗು, ಬಸ್ಸಿನ ಹಾರ್ನು. ನನ್ನ ಮೊಣಕಾಲು ನೋವು ವಿಚಾರಿಸಿದ. ಗದ್ದೆ ಕೊಯ್ಲು ಮುಗಿಯಿತು ಅಂದ. ಹೊಸ ತೂಕ ಎತ್ತುತ್ತೀಯಾ ಎಂದು ಕೇಳಿದೆ. ಭತ್ತದ ಚೀಲ ಎತ್ತತೇನ್ರಿ ಎಂದು ನಕ್ಕ. ಆಮೇಲೆ ನಾನು ಕೇಳಿಯೇಬಿಟ್ಟೆ. “ಗಟ್ಟ್ಯಾಗಿ ಒಲ್ಲೆ ಅನಬೇಕಿತ್ತಲ್ಲೋ ತಮ್ಮಾ. ಯಾಕ ಅನಲಿಲ್ಲ?”

ಫೋನಿನಲ್ಲಿ ಸಂತೆಯ ಗದ್ದಲ ದೂರವಾಯಿತು, ಪಕ್ಕಕ್ಕೆ ಸರಿದಿರಬೇಕು. ಅವನು ಹೇಳಿದ.

“ನೀವು ನನ್ನ ತಾಟು ಸಾಲಿನ್ಯಾಗ ಹಾಕಿದ್ರಿ ಅಕ್ಕಾರ.”

ನಾನು ಅಳುವುದು ಅವನಿಗೆ ಕೇಳಬಾರದೆಂದು ಫೋನು ಇಟ್ಟೆ. ತಪ್ಪಾಯಿತು ಎನ್ನುವ ಮಾತು ಹಾಗೆಯೇ ಉಳಿಯಿತು. ಆಮೇಲೆ ಹಬ್ಬಹರಿದಿನಕ್ಕೆ ಫೋನಾಗಿದೆ, ಆ ಮಾತನ್ನು ಅವನೂ ತೆಗೆಯುವುದಿಲ್ಲ, ನನಗೂ ಬರುವುದಿಲ್ಲ. ಅವನು ನನ್ನ ಮೇಲೆ ಸಿಟ್ಟಾಗಲಿಲ್ಲ, ಇದು ದೇವರ ಕರುಣೆ ಎನ್ನಬೇಕು. ಸಿಟ್ಟಾಗಿದ್ದರೆ ಹಗುರಾಗುತ್ತಿತ್ತೋ ಏನೋ.

ಈ ವರ್ಷವೂ ಅತ್ತೆಯ ತಿಥಿ ಆಯಿತು. ಹುಗ್ಗಿ ಮಾಡಿದೆ, ಜನ ಕೂತರು. ಓಣಿಯ ಒಬ್ಬ ಹಿರಿಯರು ಸಾಕೆಂದು ತಾಟಿನ ಮೇಲೆ ಕೈ ಇಟ್ಟರು. ಅವರಿಗೆ ನನ್ನ ಒತ್ತಾಯದ ರೂಢಿ ಇತ್ತು, ಇನ್ನೊಂದು ಸವುಟು ಬೀಳುತ್ತದೆಂದು ನಗುತ್ತ ಕಾದರು. ಸಾಕೇನ್ರಿ ಎಂದು ಕೇಳಿದೆ. ಹೌದೆಂದರು. ಸವುಟನ್ನು ಪಾತ್ರೆಗೆ ಇಟ್ಟು ಮುಂದಿನ ತಾಟಿಗೆ ಹೋದೆ.