ಗಿರಿಜಾ ಮಿಸ್ ಕೇಳಿದ ಒಂದು ಚದರ ಮೀಟರ್

ಗಿರಿಜಾ ಮಿಸ್ ಅವರ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ, ಕನ್ನಡಿ, ಪೌಡರ್ ಯಾವುದೂ ಇರುತ್ತಿರಲಿಲ್ಲ. ನಾಲ್ಕು ದಪ್ಪ ಮೊಳೆ, ಒಂದು ಹಸಿರು ನೈಲಾನ್ ಹಗ್ಗ, ಮೊಳೆ ಹೊಡೆಯಲು ಒಂದು ಕಲ್ಲು ಇರುತ್ತಿದ್ದವು. ಹೌದು, ಕಲ್ಲು. ಚಾಮರಾಜಪೇಟೆಯ ಬಸ್ಸಿನಲ್ಲಿ ಯಾವನೋ ಮೈಮೇಲೆ ಬಿದ್ದಾಗ ಅದೇ ಬ್ಯಾಗು ಬೀಸಿದರಂತೆ, ಅವನು ಮುಂದಿನ ಸ್ಟಾಪಿನಲ್ಲೇ ಇಳಿದು ಓಡಿದನಂತೆ. ನಿಜವೋ ಸುಳ್ಳೋ, ನಮ್ಮ ಹೈಸ್ಕೂಲಿನಲ್ಲಿ ಎಲ್ಲರೂ ನಂಬಿದ್ದೆವು. ಅವರ ಕೋಪ ಅಂಥದ್ದು.

ನನಗೆ ಜೀವಶಾಸ್ತ್ರ ಕಲಿಸಿದವರು ಅವರು. ಎಷ್ಟೋ ವರ್ಷದ ಮೇಲೆ ನಾನು ಅದೇ ಶಾಲೆಗೆ ಅದೇ ಪಾಠ ಹೇಳಲು ಸೇರಿದಾಗ ಸ್ಟಾಫ್ ರೂಮಿನಲ್ಲಿ ತಮ್ಮ ಪಕ್ಕದ ಕುರ್ಚಿ ಖಾಲಿ ಮಾಡಿಸಿ ಕೂರಿಸಿಕೊಂಡವರೂ ಅವರೇ. ಅಂಥವರಿಗೆ ನಾನು ಮಾಡಿದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ನನ್ನ ಮೇಲೇ.

ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ದಿನ ಬೋರ್ಡಿನ ಮೇಲೆ ಹುಲ್ಲು, ಮಿಡತೆ, ಕಪ್ಪೆ, ಹಾವು ಎಂದು ಬರೆದು, ಆಹಾರ ಸರಪಳಿಗೆ ಬಾಣ ಹಾಕಲು ನನ್ನನ್ನು ಕರೆದರು. ಹಾವು ತಾನೇ ಕಪ್ಪೆಯನ್ನು ಹಿಡಿಯುವುದು? ಹಾವಿನಿಂದ ಕಪ್ಪೆಯ ಕಡೆಗೆ ಬಾಣ ಎಳೆದೆ. ಸೀಮೆಸುಣ್ಣದ ತುಂಡೊಂದು ನನ್ನ ಕಿವಿಯ ಪಕ್ಕದಲ್ಲೇ ಹಾರಿ ಬೋರ್ಡಿಗೆ ಬಡಿಯಿತು.

“ಏನೇ ವೀಣಾ, ಬೇಟೆಗೆ ಹೊರಟಿದೀಯಾ? ನಿಮ್ಮನೇಲಿ ಸಾರು ಪಾತ್ರೆಯಿಂದ ನಿನ್ನ ತಟ್ಟೆಗೆ ಬರುತ್ತೋ, ನಿನ್ನ ತಟ್ಟೆಯಿಂದ ಪಾತ್ರೆಗೆ ಹೋಗುತ್ತೋ?”

“ತಟ್ಟೆಗೆ ಬರುತ್ತೆ ಮಿಸ್.”

“ಹಂಗಾದ್ರೆ ಬಾಣಾನೂ ತಿನ್ನೋರ ಕಡೆಗೇ. ಶಕ್ತಿ ಎತ್ತ ಹೋಗುತ್ತೋ ಅತ್ತ. ಯಾರು ಯಾರಿಗೆ ಹೊಡೆದ್ರು ಅನ್ನೋ ಫೈಟಿಂಗ್ ಸೀನ್ ಅಲ್ಲ ಕಣೇ ಇದು.”

ಬಾಣ ತಿರುಗಿಸಿ ಕೂರಲು ಹೊರಟರೆ ಬಿಡಲಿಲ್ಲ. “ಹಾವು ಸತ್ತ ಮೇಲೆ? ಊಟ ಆಯ್ತು, ಎಲೆ ಎತ್ತೋರು ಯಾರು?”

ಇದು ಅವರ ಖಾಯಂ ಪ್ರಶ್ನೆ. ಶಾಲೆಯ ಎದುರಿಗೆ ಒಂದು ಮದುವೆ ಛತ್ರವಿತ್ತು. ಕಿಟಕಿಯಿಂದ ಅದನ್ನು ತೋರಿಸಿ ಹೇಳುತ್ತಿದ್ದರು: “ಅಲ್ಲಿ ಮೂರು ದಿನ ಎಲೆ ಎತ್ತೋರು ಬರದೇ ಇರ್ಲಿ, ನಾಲ್ಕನೇ ದಿನ ಮದುವೆ ಮಾಡಿ ನೋಡೋಣ. ಎರೆಹುಳ, ಅಣಬೆ, ಬ್ಯಾಕ್ಟೀರಿಯಾ ಇಲ್ದಿದ್ರೆ ಭೂಮಿ ಎಲ್ಲಾ ಎಂಜಲೆಲೇನೇ. ಆದ್ರೆ ಅವರ ಹೆಸರು ಬರೆಯೋಕೆ ನಿಮಗೆಲ್ಲ ಅಸಹ್ಯ!” ಕೊಳೆಸಿ ಮಣ್ಣು ಮಾಡುವ ಈ ವಿಘಟಕರನ್ನು ಬಿಟ್ಟು ಸರಪಳಿ ಬರೆದವರಿಗೆ ಸೊನ್ನೆ. ಪಬ್ಲಿಕ್ ಪರೀಕ್ಷೆಯಲ್ಲಿ ಅದಿಲ್ಲದೆಯೂ ಅಂಕ ಕೊಡುತ್ತಾರೆ ಎಂದು ಪೋಷಕರು ಜಗಳಕ್ಕೆ ಬಂದರೆ, “ಅಲ್ಲಿ ಕೊಡ್ತಾರೆ, ಅಲ್ಲೇ ಇಸ್ಕೊಳ್ಳಿ. ನಾನು ಕೊಡಲ್ಲ” ಎಂದು ಕಳಿಸಿಬಿಡುತ್ತಿದ್ದರು.

ಶಾಲೆಯ ಹಿಂದೆ, ನೀರಿನ ಟ್ಯಾಂಕು ದಾಟಿದರೆ, ಒಂದು ಹೊಂಗೆಮರ. ಅದರ ಕೆಳಗೆ ಒಂದಿಷ್ಟು ಮಣ್ಣಿನ ನೆಲ. ಪ್ರತಿ ವರ್ಷ ಮೊದಲ ಮಳೆ ಬಿದ್ದ ವಾರ ಒಂಬತ್ತನೇ ತರಗತಿಯನ್ನು ಅಲ್ಲಿಗೆ ಕರೆದೊಯ್ದು, ನಾಲ್ಕು ಮೊಳೆ ಹೊಡೆದು, ಹಗ್ಗ ಸುತ್ತಿ, ಒಂದು ಚದರ ಮೀಟರಿನ ಚೌಕ ಮಾಡುತ್ತಿದ್ದರು. ಒಂದು ಪೀರಿಯಡ್ ಬಾಯಿ ಮುಚ್ಚಿಕೊಂಡು ಕೂತು ನೋಡಬೇಕು. ಕಂಡದ್ದನ್ನೆಲ್ಲ ಅವರ ಉದ್ದನೆಯ ನೋಟ್‌ಬುಕ್‌ನಲ್ಲಿ ಬರೆಯಬೇಕು. ನಮ್ಮ ಸರದಿ ಬಂದಾಗ ಕೂತು ಐದು ನಿಮಿಷಕ್ಕೇ ನನ್ನ ಬೆಂಚಿನ ಲತಾ ಎದ್ದು, “ಏನೂ ಇಲ್ಲ ಮಿಸ್” ಎಂದಳು.

ಅವತ್ತು ಅವರಿಗೆ ಬಂದ ಸಿಟ್ಟು ನೋಡಬೇಕಿತ್ತು. “ಏನೂ ಇಲ್ಲ ಅಂತ ಬರೀಬೇಡ! ನನಗೆ ಕಾಣಲಿಲ್ಲ ಅಂತ ಬರಿ. ಎರಡೂ ಒಂದೇ ಅಲ್ಲ.” ಬಗ್ಗಿ, ಕೊಳೆತ ಒಂದೇ ಒಂದು ಎಲೆಯನ್ನು ಬೆರಳ ತುದಿಯಿಂದ ಮಗುಚಿದರು. ಅದರಡಿ ಬಿಳಿ ದಾರದಂಥ ಬೂಷ್ಟು, ಮುಟ್ಟಿದರೆ ಸುರುಳಿ ಸುತ್ತುವ ಎರಡು ಚೋರಟೆ, ಸಾಸಿವೆಗಿಂತ ಸಣ್ಣ ಬಸವನಹುಳು, ಮೊಟ್ಟೆ ಹೊತ್ತು ಓಡುವ ಇರುವೆ. ಬೆಲ್ ಹೊಡೆಯುವ ಹೊತ್ತಿಗೆ ಪಟ್ಟಿ ಎರಡು ಪುಟ ತುಂಬಿತ್ತು. ಏಳುವುದಕ್ಕೆ ನನಗೆ ಮನಸ್ಸಾಗಲಿಲ್ಲ. ನಾನು ಜೀವಶಾಸ್ತ್ರದ ಟೀಚರ್ ಆದದ್ದು ಆ ನಲವತ್ತು ನಿಮಿಷದಿಂದ.

ಇನ್ನು ನಾನು ಮಾಡಿದ್ದು. ನಾನು ಸೇರಿದ ವರ್ಷ ಶಾಲೆಗೆ ಹೊಸ ಕಾರ್ಯದರ್ಶಿ ಬಂದರು. ಬಿಳಿ ಷೂ ಹಾಕುವ ಮನುಷ್ಯ. ಹಿತ್ತಿಲ ನೆಲದಿಂದ ಮಕ್ಕಳ ಕಾಲಿಗೆಲ್ಲ ಕೆಸರು, ಸೊಳ್ಳೆ, ನೋಡಲು ಅಸಹ್ಯ. ದಾನಿಯೊಬ್ಬರು ಟೈಲ್ಸ್ ಕೊಡುತ್ತಾರೆ, ಒಂದು ಮನವಿ ಪತ್ರ ಬೇಕು ಎಂದರು. ನನ್ನ ಅಕ್ಷರ ದುಂಡಗಿದೆ ಎಂದು ನನ್ನನ್ನು ಕರೆಸಿದರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವರು ಹೇಳಿದರು, ನಾನು ಬರೆದೆ: “ಶಾಲೆಯ ಹಿಂಭಾಗದಲ್ಲಿರುವ ಖಾಲಿ ಜಾಗಕ್ಕೆ...”

ಖಾಲಿ ಜಾಗ! ಆ ನೆಲದ ಪಟ್ಟಿಯನ್ನು ಎರಡು ಪುಟ ಬರೆದ ಇದೇ ಕೈ. ಪೆನ್ನು ಒಂದು ಕ್ಷಣ ನಿಂತಿತ್ತು ಎಂದು ಹೇಳಿಕೊಳ್ಳಲು ಆಸೆ. ನಿಲ್ಲಲಿಲ್ಲ.

ಸಹಿಗಾಗಿ ಪತ್ರ ಸ್ಟಾಫ್ ರೂಮಿನಲ್ಲಿ ಸುತ್ತಿತು. ಎಲ್ಲರೂ ಹಾಕಿದರು. ಗಿರಿಜಾ ಮಿಸ್ ಓದಿದರು, ಅಕ್ಷರ ಗುರುತಿಸಿದರು, ನನ್ನ ಮುಖ ನೋಡಿದರು. “ಖಾಲಿ ಅಂತ ಬರ್ದಿದೀಯಲ್ಲೇ” ಎಂದರು, ಅಷ್ಟೇ. ಸಹಿ ಹಾಕದೆ ಕಾರ್ಯದರ್ಶಿಯ ರೂಮಿಗೆ ಹೋಗಿ, ಮರದ ಬುಡದಲ್ಲಿ ಒಂದು ಚದರ ಮೀಟರ್ ಬಿಡಿ ಎಂದು ಕೇಳಿದರು. ಯಾರಲ್ಲೂ ಏನೂ ಕೇಳದ ಹೆಂಗಸು. ಆತ ನಕ್ಕು, “ಒಂದು ಮೀಟರ್ ತಾನೇ ಮೇಡಂ, ಆಯ್ತು ಬಿಡಿ” ಎಂದ. ದಸರಾ ರಜೆ ಮುಗಿಸಿ ಬಂದು ನೋಡಿದರೆ ಮರದ ಕಾಂಡಕ್ಕೆ ಮುಟ್ಟುವಂತೆ ಕೆಂಪು, ಹಳದಿ ಟೈಲ್ಸ್, ಸಂದಿಗೆಲ್ಲ ಸಿಮೆಂಟು. ಆ ನಗು ಈಗ ನೆನಪಾದರೂ ಕೈಗೆ ಸಿಕ್ಕಿದ್ದನ್ನು ಎಸೆಯೋಣ ಅನಿಸುತ್ತದೆ. ಕೊಡುವುದಿಲ್ಲ ಎಂದಿದ್ದರೆ ಕೊನೇಪಕ್ಷ ಮಿಸ್ ಜಗಳವಾದರೂ ಆಡುತ್ತಿದ್ದರು.

ಅವತ್ತೇ ಮಿಸ್ ಒಂಬತ್ತನೇ ತರಗತಿಯನ್ನು ಅಲ್ಲಿಗೆ ಕರೆದೊಯ್ದರು. ಮೊಳೆ ಇಳಿಯಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ಜನ ಹುಡುಗಿಯರನ್ನು ನಿಲ್ಲಿಸಿ ಹಗ್ಗ ಹಿಡಿಸಿದರು. ಪೀರಿಯಡ್ ಪೂರ್ತಿ ಕೂರಿಸಿದರು. ನಾನು ಕಾರಿಡಾರಿನಲ್ಲಿ ನಿಂತು ನೋಡುತ್ತಿದ್ದೆ. ಕೊನೆಗೆ ಒಬ್ಬಳು ಎದ್ದು, “ಏನೂ ಇಲ್ಲ ಮಿಸ್” ಎಂದಳು.

ಮಿಸ್ ಬೈಯಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ, ಬೈಯಲಿಲ್ಲ.

ಮಧ್ಯಾಹ್ನ ಹಗ್ಗ, ಮೊಳೆ, ನೋಟ್‌ಬುಕ್ ತಂದು ನನ್ನ ಮೇಜಿನ ಮೇಲಿಟ್ಟರು. ಕಲ್ಲು ಮಾತ್ರ ತಾವೇ ಇಟ್ಟುಕೊಂಡರು. ಆ ವರ್ಷವೇ ಅವರ ನಿವೃತ್ತಿ. ಬೀಳ್ಕೊಡುಗೆಯ ದಿನ ಕಾರ್ಯದರ್ಶಿ ಶಾಲು ಹೊದಿಸಿ ‘ಪರಿಸರ ಪ್ರೇಮಿ’ ಎಂದು ಹೊಗಳಿ, ಪ್ಲಾಸ್ಟಿಕ್ ಕುಂಡದಲ್ಲಿ ಒಂದು ಗಿಡ ಕೊಟ್ಟರು. ಮಿಸ್ ಮೈಕ್ ತೆಗೆದುಕೊಂಡು, “ಪ್ರೇಮ ಯಾರು ಕೇಳಿದ್ರು? ನಾನು ಒಂದು ಮೀಟರ್ ಕೇಳಿದ್ದೆ” ಎಂದು ಹೇಳಿ ಕೂತರು. ಆ ಗಿಡ ವೇದಿಕೆಯ ಮೇಲೇ ಉಳಿಯಿತು.

ಎರಡು ವರ್ಷ ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಹೋದ ಬೇಸಿಗೆಯಲ್ಲಿ ತ್ಯಾಗರಾಜನಗರದ ಅವರ ಮನೆಗೆ ಹೋದೆ. ತುಂಬಾ ಇಳಿದುಹೋಗಿದ್ದರು. ಗೇಟಿನಲ್ಲೇ ನಿಂತು, “ತಪ್ಪಾಯ್ತು ಮಿಸ್” ಎಂದೆ.

“ಅದಿರ್ಲಿ. ಟೈಲ್ಸ್ ಸಂದೀಲಿ ಏನಾದ್ರೂ ಬಂತಾ?”

“ಇಲ್ಲ ಮಿಸ್. ಏನೂ ಇಲ್ಲ.”

ಬಾಯಿಂದ ಬಿದ್ದುಹೋಯಿತು.

“ನೋಡಿದ್ಯಾ?”

ನೋಡಿರಲಿಲ್ಲ. ಎರಡು ವರ್ಷ ಆ ಕಡೆ ತಲೆ ಹಾಕಿರಲಿಲ್ಲ.

“ನೋಡ್ಕೊಂಡು ಬಾ ಹೋಗು. ಕಾಫಿ ಆಮೇಲೆ” ಎಂದು ಗೇಟಿನ ಚಿಲಕ ಹಾಕಿಕೊಂಡರು. ಆ ಹಳೇ ಸಿಟ್ಟು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು. ಆಮೇಲೆ ನೋಡಿದರಾಯಿತು ಅಂದುಕೊಂಡೆ. ಪೇಪರ್ ತಿದ್ದುವುದು, ಅಡ್ಮಿಷನ್ನು, ಅದು ಇದು. ಜೂನ್ ತಿಂಗಳಲ್ಲಿ ಲತಾ ಫೋನ್ ಮಾಡಿ, ಮಿಸ್ ಹೋಗಿಬಿಟ್ಟರು ಎಂದಳು.

ಮಾರನೇ ದಿನ ನೋಟ್‌ಬುಕ್ ಹಿಡಿದು ಹೊಂಗೆಮರದ ಕೆಳಗೆ ಒಂದು ಪೀರಿಯಡ್ ಕೂತೆ. ಉದುರಿದ ಎಲೆ ಉದುರಿದ ಹಾಗೇ ಒಣಗಿ ಬಿದ್ದಿತ್ತು. ಒಂದೂ ಕೊಳೆತಿರಲಿಲ್ಲ. ಮಗುಚಿದೆ. ಅಡಿಯಲ್ಲಿ ಟೈಲು. ಎಲೆ ಎತ್ತುವವರನ್ನು ನಾವೇ ಸಿಮೆಂಟಿನಡಿ ಮುಚ್ಚಿದ್ದೆವು. ಅಂದು ಪತ್ರದಲ್ಲಿ ನಾನು ಬರೆದ ‘ಖಾಲಿ’ ಸುಳ್ಳಾಗಿತ್ತು, ಈಗ ಅದನ್ನು ನಿಜ ಮಾಡಿಟ್ಟಿದ್ದೆವು. ಆದರೂ ನೋಟ್‌ಬುಕ್‌ನಲ್ಲಿ ‘ಏನೂ ಇಲ್ಲ’ ಎಂದು ಬರೆಯಲಿಲ್ಲ. ‘ನನಗೆ ಕಾಣಲಿಲ್ಲ’ ಎಂದೇ ಬರೆದೆ.

ಎದ್ದು ಹೋಗಿ ಅಟೆಂಡರ್ ಮುನಿಯಪ್ಪನವರ ಹತ್ತಿರ ಹಾರೆ ಕೇಳಿದೆ.

“ಯಾಕೆ ಮಿಸ್? ಟೈಲ್ಸ್ ಕೀಳ್ತೀರಾ? ಪರ್ಮಿಷನ್ ಲೆಟರ್ ಇದೆಯಾ?”

“ಬರ್ಕೊಡ್ತೀನಿ. ಲೆಟರ್ ಬರೆಯೋದು ನಂಗೆ ಚೆನ್ನಾಗಿ ಬರುತ್ತೆ. ಮೊದ್ಲು ಹಾರೆ ಕೊಡಿ.”