ನನ್ನ ಫ್ಯಾಕ್ಸಿಗೆ ನಮಸ್ಕರಿಸಿದ ಕಾದಂಬರಿಕಾರ

ನರಿಮಾತ್ಸು ಸಾನ್ ನಮ್ಮ ಮನೆಯ ಫ್ಯಾಕ್ಸ್ ಯಂತ್ರಕ್ಕೆ ಸೊಂಟ ಬಾಗಿಸಿ ನಮಸ್ಕಾರ ಮಾಡುತ್ತಿದ್ದರು. ಕೊನೆಯ ಹಾಳೆ ಹೋಗಿ ಯಂತ್ರ ಪೀಂ ಎಂದ ಮೇಲೆ, ಎರಡೂ ಕೈ ತೊಡೆಗೆ ಒತ್ತಿಕೊಂಡು, ಹೆಡ್‌ಮಾಸ್ಟರರ ಎದುರು ನಿಂತವರ ಹಾಗೆ. ಆಗ ನನಗೆ ನಗು ಬರುತ್ತಿತ್ತು. ಈಗ ಆ ಬಾಗಿದ ಬೆನ್ನು ನೆನಪಾದರೆ ಮೈಯೆಲ್ಲ ಉರಿಯುತ್ತದೆ. ಅವರನ್ನು 'ಅವನು' ಎಂದೇ ಬರೆಯಬೇಕೆಂದು ಕೂತೆ. ವಯಸ್ಸಾದವರು, ಕೈ ಬರಲಿಲ್ಲ.

ಲೀಡ್ಸ್‌ನ ಹೆಡಿಂಗ್ಲೀಯಲ್ಲಿ ನಮ್ಮದು ಗೋಡೆಗೆ ಗೋಡೆ ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲು. ಎಡಗಡೆ ವಿದ್ಯಾರ್ಥಿಗಳ ಗಲಾಟೆ, ಬಲಗಡೆ ಜಪಾನಿನ ಈ ಮುದುಕರು. ಅವರ ದೇಶದಲ್ಲಿ ಅವರ ಹೊಸ ಕಾದಂಬರಿ ಬಂದರೆ ಜನ ಅಂಗಡಿ ಮುಂದೆ ಸಾಲು ನಿಲ್ಲುತ್ತಿದ್ದರಂತೆ, ದೊಡ್ಡ ದೊಡ್ಡ ಬಹುಮಾನಗಳೂ ಬಂದಿದ್ದವು. ಇಲ್ಲಿ ಯಾವ ವಾರ ಯಾವ ಕಸದ ಬಿನ್ ಹೊರಗಿಡಬೇಕೆಂದು ನನ್ನನ್ನು ಕೇಳುತ್ತಿದ್ದರು. ವಿಶ್ವವಿದ್ಯಾಲಯವೊಂದು ಒಂದು ವರ್ಷಕ್ಕೆಂದು ಕರೆಸಿತ್ತು. ಆರು ವರ್ಷ ಉಳಿದರು. ಅವರ ಅಪ್ಪ ಮೀನುಗಾರರ ಊರಿನಲ್ಲಿ ಕ್ಷೌರದಂಗಡಿ ಇಟ್ಟಿದ್ದವರು. ಇವರು ರೈಲ್ವೆಯಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದಾಗ ಅಪ್ಪನ ಕುಡಿತದ ಮೇಲೆಯೇ ಮೊದಲ ಕಾದಂಬರಿ ಬರೆದು ಹೆಸರು ಮಾಡಿದರು. "ಅದು ಅಚ್ಚಾದ ಮೇಲೆ ಅಪ್ಪ ನನ್ನ ತಲೆಗೆ ಕತ್ತರಿ ಮುಟ್ಟಿಸಲಿಲ್ಲ," ಎಂದು ಹೇಳಿ ನಗುತ್ತಿದ್ದರು. ನಾನೂ ನಕ್ಕೆ, ಪೆದ್ದಿ.

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂದು ಜಗತ್ತು ಹೆದರಿದ್ದ ಕಾಲ ಅದು. ಅದನ್ನು ಸರಿಮಾಡಲು ಬಂದ ನನಗೆ ಕಂಪನಿಯವರು ಮನೆಗೇ ಫ್ಯಾಕ್ಸ್ ಹಾಕಿಸಿಕೊಟ್ಟಿದ್ದರು. ನರಿಮಾತ್ಸು ಆಗ ಟೋಕಿಯೋದ ದಿನಪತ್ರಿಕೆಯೊಂದಕ್ಕೆ ಧಾರಾವಾಹಿ ಬರೆಯುತ್ತಿದ್ದರು. ದಿನಕ್ಕೊಂದು ಕಂತು, ಜ್ವರ ಬಂದರೂ ತಪ್ಪುವ ಹಾಗಿಲ್ಲ. "ಓದುವವರು ಹಲ್ಲುಜ್ಜುವುದನ್ನು ಬಿಡುತ್ತಾರೆಯೇ?" ಎನ್ನುತ್ತಿದ್ದರು. ಚೌಕ ಚೌಕ ಗೆರೆ ಹಾಕಿದ ಹಾಳೆಯಲ್ಲಿ ಚೌಕಕ್ಕೊಂದು ಅಕ್ಷರ ಪೆನ್ಸಿಲಿನಲ್ಲಿ ಕೂರಿಸಿ, ಬೆಳಿಗ್ಗೆ ಏಳೂವರೆಗೆ ಮೂರು ಹಾಳೆ ಹಿಡಿದು ನಮ್ಮ ಬಾಗಿಲು ತಟ್ಟುತ್ತಿದ್ದರು. ಯಂತ್ರ ಮುಟ್ಟಲು ಅವರಿಗೆ ಭಯ. ಹಾಳೆಗಳನ್ನು ಒಂದೊಂದಾಗಿ ಒಳಗೆ ಕೊಡುತ್ತಿದ್ದವಳು ನಾನು. ಜಪಾನಿ ನನಗೆ ಒಂದಕ್ಷರ ಬಾರದು.

ಕೆಲಸವಾದ ಮೇಲೆ ಒಂದು ಲೋಟ ತಿಳಿಸಾರು ಕುಡಿದು ಹೋಗುತ್ತಿದ್ದರು. ಏನನ್ನೂ ಕೆದಕುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದರು. ಒಂಟಿಯಾಗಿರುವವರ ಎದುರು ಯಾರಾದರೂ ಹಾಗೆ ಕೂತರೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಒಂದು ಬೆಳಿಗ್ಗೆ ಹೇಳಿಬಿಟ್ಟೆ. ಮೈಸೂರಿನಲ್ಲಿ ಅಮ್ಮನ ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದಾಗ ನನ್ನ ಪಾಸ್‌ಪೋರ್ಟ್ ವೀಸಾ ಮುಂದುವರಿಸಲೆಂದು ಇಲ್ಲಿನ ಸರ್ಕಾರದ ಹೋಮ್ ಆಫೀಸಿನಲ್ಲಿತ್ತು. ಶೆಫೀಲ್ಡ್‌ನಲ್ಲಿ ಡಾಕ್ಟರಾಗಿದ್ದ ತಂಗಿ ವಸುಧಾ ಒಬ್ಬಳೇ ಹೋಗಿ ಮೂರು ವಾರ ಅಮ್ಮನ ಹೇಲು ಉಚ್ಚೆ ಬಳಿದಳು. ದಿನಾ ಫೋನ್ ಮಾಡುತ್ತಿದ್ದಳು. "ಅಕ್ಕಾ, ಪಾಸ್‌ಪೋರ್ಟ್ ಬಂತಾ? ದೊಡ್ಡವಳು ಬಂದ್ಲಾ ಅಂತ ಅಮ್ಮ ಕೇಳ್ತಾನೇ ಇದಾಳೆ." "ಇನ್ನೂ ಇಲ್ಲ ಕಣೇ," ಎನ್ನುತ್ತಿದ್ದೆ. ಪಾಸ್‌ಪೋರ್ಟ್ ಮೊದಲ ವಾರವೇ ಬಂದಿತ್ತು. ಅಡುಗೆಮನೆಯ ಡ್ರಾಯರಿನಲ್ಲಿ, ಒರೆಸುವ ಬಟ್ಟೆಗಳ ಕೆಳಗೆ ಇಟ್ಟಿದ್ದೆ. ಅಮ್ಮನನ್ನು ಆ ಸ್ಥಿತಿಯಲ್ಲಿ ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ನರಿಮಾತ್ಸು ಲೋಟ ಕೆಳಗಿಟ್ಟು, "ಯಾವ ಡ್ರಾಯರ್?" ಎಂದರು. ತೋರಿಸಿದೆ.

ಮೂರು ವರ್ಷದ ಮೇಲೆ ಆ ಧಾರಾವಾಹಿ ಪುಸ್ತಕವಾಗಿ ಇಂಗ್ಲಿಷಿಗೆ ಬಂತು. ಅಕ್ಕನ ಪಕ್ಕದ ಮನೆಯವರ ಪುಸ್ತಕವೆಂದು ವಸುಧಾ ಅಭಿಮಾನದಿಂದ ಕೊಂಡು ನನಗಿಂತ ಮೊದಲೇ ಓದಲು ಕೂತಿದ್ದಳು. ಫೋನ್ ಮಾಡಿ ಕೇಳಿದ್ದು ಇಷ್ಟೇ: "ಅಕ್ಕಾ, ಒರೆಸೋ ಬಟ್ಟೆ ಕೆಳಗೆ ಇಟ್ಟಿದ್ಯಾ?" ಉತ್ತರಕ್ಕೆ ಕಾಯದೆ ಫೋನ್ ಇಟ್ಟುಬಿಟ್ಟಳು.

ಅಂಗಡಿಗೆ ಓಡಿ ನಿಂತಲ್ಲೇ ಓದಿದೆ. ಪುಸ್ತಕದಲ್ಲಿ ಮೈಸೂರು ಜಪಾನಿನದೊಂದು ಬಂದರಿನ ಊರಾಗಿತ್ತು, ನಾನು ಇಲ್ಲಿ ನೆಲೆಸಿದ ಜಪಾನಿನ ಹೆಂಗಸಾಗಿದ್ದೆ, ಉಳಿದದ್ದೆಲ್ಲ ನನ್ನದೇ. ಡ್ರಾಯರಿನ ಪುಟ ಬಂದಾಗ ಪುಸ್ತಕ ಮುಚ್ಚಿಟ್ಟೆ. ಆ ಹಾಳೆಗಳನ್ನು ನಾನೇ ಕೈಯಾರೆ ಟೋಕಿಯೋಗೆ ಕಳಿಸಿದ್ದೆ, ಮೇಲೆ ಸಾರು ಬೇರೆ ಕುಡಿಸಿದ್ದೆ!

ಶೂ ಬಿಚ್ಚದೆ ಅವರ ಮನೆಗೆ ನುಗ್ಗಿದೆ. "ನಮ್ಮಮ್ಮನ ಸಾವನ್ನ ಮಾರ್ಕೊಂಡ್ರಲ್ಲ, ನಾಚಿಕೆ ಆಗಲ್ವಾ ನಿಮಗೆ?" ಎಂದು ಕನ್ನಡದಲ್ಲೇ ಕಿರುಚಿ, ಆಮೇಲೆ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕಿರುಚಿದೆ. ಅವರು ಪೆನ್ಸಿಲ್ ಕೂಡ ಕೆಳಗಿಡಲಿಲ್ಲ. "ನನ್ನ ಕೆಲಸ ಏನೆಂದು ನಿಮಗೆ ಗೊತ್ತಿತ್ತು. ಆದರೂ ನನಗೇ ಹೇಳಿದಿರಿ," ಎಂದರು. ಮೇಜಿನ ಮೇಲಿದ್ದ ಹಾಳೆಗಳನ್ನು ಬಾಚಿಕೊಂಡು ಹರಿದು ಹಾಕಿದೆ. ತಡೆಯಲಿಲ್ಲ. ನಾನು ಬಾಗಿಲು ದಾಟುವ ಮೊದಲೇ ಹೊಸ ಹಾಳೆ ಎಳೆದುಕೊಂಡು ಮೊದಲ ಚೌಕದಿಂದ ಬರೆಯತೊಡಗಿದ್ದರು. ಅವರೊಂದಿಗೆ ನಾನು ಮಾತಾಡಿದ್ದು ಅದೇ ಕೊನೆ. ಮರುವರ್ಷ ಜಪಾನಿಗೆ ಹೊರಟುಹೋದರು.

ವಸುಧಾ ನಾಲ್ಕು ವರ್ಷ ನನ್ನೊಂದಿಗೆ ಮಾತು ಬಿಟ್ಟಳು. ಟಿವಿಡೇಲ್‌ನ ಬಾಲಾಜಿ ಗುಡಿಯಲ್ಲಿ ಎದುರು ಸಿಕ್ಕರೂ ಮಕ್ಕಳ ಕೈ ಹಿಡಿದು ಅತ್ತ ಸರಿದುಬಿಡುತ್ತಿದ್ದಳು. ನನಗೆ ಈ ದೇಶದಲ್ಲಿ ಇದ್ದ ರಕ್ತಸಂಬಂಧ ಅವಳೊಬ್ಬಳೇ.

ನರಿಮಾತ್ಸು ಸತ್ತ ಸುದ್ದಿ ಇಲ್ಲಿನ ಪತ್ರಿಕೆಯಲ್ಲೂ ಬಂತು, ಫೋಟೋ ಸಮೇತ ಅರ್ಧ ಪುಟ. ಜನರ ಮೌನವನ್ನು ಆಲಿಸಿದ ಲೇಖಕರೆಂದು ಹೊಗಳಿದ್ದರು. ಆಲಿಸಿದರಂತೆ! ಅವರನ್ನು ಬೈಯುವುದು ಇನ್ನೂ ಎಷ್ಟೋ ಬಾಕಿ ಇತ್ತು ನನಗೆ. ಪತ್ರಿಕೆ ಮುದುಡಿ ಎಸೆದೆ. ಅದೇ ವಾರ, ಒಂದು ಸಂಜೆ, ವಸುಧಾ ಫೋನ್ ಮಾಡಿದಳು.

"ಅಕ್ಕಾ, ಆವತ್ತು ಡ್ರಾಯರ್ ವಿಷಯ ಬಂದ ಕಡೇನೇ ನಾನು ಪುಸ್ತಕ ಮುಚ್ಚಿಟ್ಟಿದ್ದೆ. ಅವರು ಹೋದ್ರು ಅಂತ ನೋಡಿ ಈಗ ಪೂರ್ತಿ ಓದಿದೆ." ಅಳುತ್ತಿದ್ದಳು. "ಸೂಟ್‌ಕೇಸ್ ತಗೊಂಡು ಮ್ಯಾಂಚೆಸ್ಟರ್ ಏರ್‌ಪೋರ್ಟ್‌ವರೆಗೂ ಹೋಗಿದ್ಯಂತೆ. ಚೆಕ್ ಇನ್ ಸಾಲಲ್ಲಿ ನಿಂತು, ಕಾಲು ಬರದೆ ವಾಪಸ್ ಬಂದ್ಯಂತೆ. ಅದನ್ಯಾಕೆ ನನಗೆ ಹೇಳ್ಲಿಲ್ಲ?"

ನಾನು ಎಲ್ಲಿಗೂ ಹೋಗಿರಲಿಲ್ಲ. ಅಮ್ಮ ಹೋದ ದಿನವೂ ಆಫೀಸಿನಲ್ಲಿದ್ದೆ. ಆ ಏರ್‌ಪೋರ್ಟ್, ಆ ಸಾಲು, ಎಲ್ಲ ಆ ಮುದುಕರು ಕಟ್ಟಿದ ಕತೆ. ನನ್ನ ನಿಜವನ್ನು ಊರಿಗೆಲ್ಲ ಹಂಚಿದ್ದು ಸಾಲದೆ, ಸತ್ತ ಮೇಲೆ ನನ್ನ ಕೈಗೊಂದು ಸುಳ್ಳು ಕೊಟ್ಟಿದ್ದರು.

"ಅಕ್ಕಾ, ಇದೀಯಾ? ಹೋಗಿದ್ದೆ ತಾನೇ?"

"ಹೋಗಿದ್ದೆ ಕಣೇ," ಎಂದೆ.

ಶನಿವಾರ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ ಎಂದಳು.